ಹೊಲಾಶೊವಿಟ್ಸೆಯಲ್ಲಿ ಕಾಲ ನಿಂತಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಚೆಕ್ ದೇಶದ ಪ್ರವಾಸದ ಬಗ್ಗೆ ಬಂದ ಲೇಖನ ಓದಿದೆ. ಪ್ರಾಗ್‌ಗೆ ಒಂದು ಪುಟ ಕೊಟ್ಟಿದ್ದೀರಿ, ಚೆಸ್ಕಿ ಕ್ರುಮ್ಲೋವ್‌ಗೆ ಅರ್ಧ ಪುಟ, ಕೊನೆಗೆ ಹೊಲಾಶೊವಿಟ್ಸೆ ಅನ್ನೋ ಹಳ್ಳಿಗೆ ನಾಲ್ಕು ಸಾಲು ಮತ್ತು ಒಂದು ಫೋಟೊ. ಕನ್ನಡ ಪತ್ರಿಕೆಯಲ್ಲಿ ಆ ಹಳ್ಳಿಯ ಹೆಸರು ನೋಡಿ ಖುಷಿಯಾಯಿತು. ಆದರೆ ಆ ನಾಲ್ಕು ಸಾಲಿನಲ್ಲಿ ಅದನ್ನು ‘ಕಾಲ ನಿಂತುಹೋದ ಊರು’ ಅಂತ ಕರೆದು, ಅಲ್ಲಿನವರು ತಲೆತಲಾಂತರದಿಂದ ಅದೇ ಮನೆಗಳಲ್ಲಿ ಬದುಕುತ್ತಿದ್ದಾರೆ ಅಂತ ಬರೆದಿದ್ದು ಓದಿ ಸುಮ್ಮನಿರಲು ಆಗಲಿಲ್ಲ. ಕೆಲಸದ ಮೇಲೆ ನಾನು ಬ್ರನೊ ನಗರದಲ್ಲಿ ಇದ್ದೇನೆ. ಈ ದೇಶದಲ್ಲಿ ನನಗೆ ತುಂಬ ಇಷ್ಟವಾದ ಜಾಗ ಅಂದರೆ ಈ ಹಳ್ಳಿಯೇ. ಅದರ ಚಂದದ ಬಗ್ಗೆ ನಿಮ್ಮ ಲೇಖಕರು ಬರೆದಿದ್ದರಲ್ಲಿ ನನ್ನ ತಕರಾರೇನೂ ಇಲ್ಲ. ಆ ಚಂದ ಹೇಗೆ ಬಂತು, ಹೇಗೆ ಉಳಿಯಿತು ಅನ್ನೋ ಮಾತಿನಲ್ಲಿ ಇದೆ.

ಮೊದಲು ಒಂದು ಸಣ್ಣ ತಪ್ಪನ್ನು ಮುಗಿಸಿಬಿಡುತ್ತೇನೆ. ಹಳ್ಳಿಯ ಪಕ್ಕದ ಬಯಲಿನಲ್ಲಿ ವೃತ್ತಾಕಾರದಲ್ಲಿ ನಿಲ್ಲಿಸಿದ ದೊಡ್ಡ ಕಲ್ಲುಗಳಿವೆ, ಅವು ‘ಪುರಾತನ’ ಅಂತ ಲೇಖನದಲ್ಲಿದೆ. ಅಲ್ಲ. ಆ ಕಲ್ಲುಗಳು ನಿಂತಿದ್ದು 2008ರಲ್ಲಿ. ಊರಿನವರೊಬ್ಬರು ತಮ್ಮ ಆಸಕ್ತಿಗೆ ನಿಲ್ಲಿಸಿದ್ದು. ಇಂಗ್ಲೆಂಡಿನ ಸ್ಟೋನ್‌ಹೆಂಜ್ ನೆನಪಾಗುವ ಹಾಗಿದೆ, ಮಕ್ಕಳಿಗೆ ಓಡಾಡಲು ಚೆನ್ನಾಗಿದೆ, ನೋಡಿ ಬರಬಹುದು. ಆದರೆ ಅದಕ್ಕೂ ಈ ಊರಿಗೆ ಸಿಕ್ಕಿರುವ ಯುನೆಸ್ಕೊ ಮಾನ್ಯತೆಗೂ ಏನೂ ಸಂಬಂಧ ಇಲ್ಲ. ಅಷ್ಟು ಸಾಕು ಅದರ ಬಗ್ಗೆ.

ಈಗ ಊರಿಗೆ ಬರೋಣ. ಚೆಕ್ ದೇಶದ ದಕ್ಷಿಣ ಬೊಹೀಮಿಯಾ ಪ್ರಾಂತ್ಯದ ಮುಖ್ಯ ನಗರ ಚೆಸ್ಕೆ ಬುಡೆಯೊವಿಟ್ಸೆ. ಬಿಯರ್ ಕುಡಿಯುವವರಿಗೆ ಇದರ ಜರ್ಮನ್ ಹೆಸರು ಬುಡ್‌ವೈಸ್‌ನ ಪರಿಚಯ ಇರುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 15 ಕಿಲೋಮೀಟರ್ ಹೋದರೆ ಹೊಲಾಶೊವಿಟ್ಸೆ. ದಾರಿಯುದ್ದಕ್ಕೂ ಸಮತಟ್ಟಾದ ಹೊಲಗಳು, ನಡುನಡುವೆ ಕೆರೆಗಳು. ಈ ಕೆರೆಗಳು ತಾವಾಗಿ ಆದವಲ್ಲ, ಮಧ್ಯಯುಗದಿಂದಲೂ ಜನ ಮೀನು ಸಾಕಲು ಕಟ್ಟಿದ್ದು. ಶರತ್ಕಾಲದಲ್ಲಿ ಕೆರೆಯ ನೀರು ಹೊರಗೆ ಬಿಟ್ಟು, ಬಲೆ ಎಳೆದು ಕಾರ್ಪ್ ಮೀನು ಹಿಡಿಯುತ್ತಾರೆ, ಅದೇ ಮೀನು ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟಕ್ಕೆ ಚೆಕ್ ಮನೆಗಳಲ್ಲಿ ಬೇಕೇ ಬೇಕು. ಹಳ್ಳಿಯ ದಕ್ಷಿಣಕ್ಕೆ ನೆಲ ಏರುತ್ತದೆ. ಅಲ್ಲಿ ಬ್ಲಾನ್‌ಸ್ಕಿ ಲೆಸ್ ಅನ್ನೋ ಕಾಡು, ಆ ಕಾಡಿನ ಅತಿ ಎತ್ತರದ ಬೆಟ್ಟ ಕ್ಲೆಟ್, 1,084 ಮೀಟರ್. ಹಳ್ಳಿಯ ಹಿಂದೆ ಕಾಣುವ ಆ ನೀಲಿ ಸಾಲಿನಿಂದಾಗಿ ಇಲ್ಲಿನ ಫೋಟೊಗಳು ಅಷ್ಟು ಚೆನ್ನಾಗಿ ಬರುತ್ತವೆ.

ಊರಿನ ನಡುವೆ ಉದ್ದನೆಯ ಹುಲ್ಲಿನ ಬಯಲಿದೆ. 210 ಮೀಟರ್ ಉದ್ದ, 70 ಮೀಟರ್ ಅಗಲ. ಆ ಬಯಲಿನಲ್ಲಿ ಒಂದು ಸಣ್ಣ ಕೆರೆ, ಒಂದು ಪುಟ್ಟ ಪ್ರಾರ್ಥನಾ ಮಂದಿರ, ಹಳೆಯ ಕುಲುಮೆ, ಒಂದು ಶಿಲುಬೆ, ಕೆಲವು ಮರ. ಸುತ್ತ ರೈತರ ಮನೆಗಳು, ಒಟ್ಟು 23 ಹಿಡುವಳಿಗಳು. ಕೊಟ್ಟಿಗೆ, ಕಣಜ ಎಲ್ಲ ಸೇರಿಸಿದರೆ ಸುಮಾರು 120 ಕಟ್ಟಡ. ಎಲ್ಲ ಮನೆಗಳ ಕಿರಿದಾದ ಮುಂಗೋಡೆ ಬಯಲಿಗೆ ಮುಖ ಮಾಡಿ ನಿಂತಿದೆ. ಆ ಮುಂಗೋಡೆಗಳ ಮೇಲ್ಭಾಗ ಸುಮ್ನೆ ತ್ರಿಕೋನ ಅಲ್ಲ. ಬಾಗು, ಸುರುಳಿ, ಅಂಚಿನಲ್ಲಿ ಬಳ್ಳಿ, ಗಾರೆಯಲ್ಲಿ ಎತ್ತಿದ ಹೂವು, ತಿಳಿ ಹಳದಿ, ಗುಲಾಬಿ, ಹಸಿರು, ನೀಲಿ ಬಣ್ಣ, ಹಲವು ಕಡೆ ನಡುವೆ ಕಟ್ಟಿದ ವರ್ಷ. ಒಂದು ಮನೆಯ ಹಾಗೆ ಇನ್ನೊಂದಿಲ್ಲ. ಆದರೂ ಎಲ್ಲವೂ ಒಂದೇ ಕುಟುಂಬದವು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

ಈ ಮುಂಗೋಡೆಗಳ ಫೋಟೊ ತೆಗೆದುಕೊಂಡು ಬಸ್ಸು ಹತ್ತುವವರೇ ಜಾಸ್ತಿ. ನನಗೆ ಇನ್ನೂ ಇಷ್ಟವಾಗುವುದು ಅದರ ಹಿಂದಿನ ಏರ್ಪಾಡು. ನಮ್ಮ ತೊಟ್ಟಿ ಮನೆಯ ಹಾಗೆ ಇಲ್ಲೂ ಎಲ್ಲವೂ ಒಂದು ಅಂಗಳದ ಸುತ್ತ ಇರುತ್ತದೆ. ಒಂದು ಬದಿಗೆ ವಾಸದ ಮನೆ, ಅದರ ಬೆನ್ನಿಗೆ ದನದ ಕೊಟ್ಟಿಗೆ, ಎದುರು ಬದಿಗೆ ಕಣಜ, ಹಿಂದೆ ಅಂಗಳ ಮುಚ್ಚುವ ಹಾಗೆ ಅಡ್ಡಲಾಗಿ ಪೈರು ಬಡಿಯುವ, ಹುಲ್ಲು ತುಂಬುವ ದೊಡ್ಡ ಕಟ್ಟಡ, ಅದರಾಚೆ ತೋಟ, ತೋಟದಾಚೆ ಹೊಲ. ಬಯಲಿನ ಕಡೆ ಎರಡು ಮುಂಗೋಡೆಗಳ ನಡುವೆ ಕಮಾನಿನ ಬಾಗಿಲು. ಗಾಡಿ ಹೋಗಲು ದೊಡ್ಡದು, ಮನುಷ್ಯರು ಹೋಗಲು ಪಕ್ಕದಲ್ಲೇ ಚಿಕ್ಕದು. ಚೆಕ್ ಹಳ್ಳಿಗಳಲ್ಲಿ ಒಂದು ಹಳೆಯ ಪದ್ಧತಿ ಇತ್ತು. ಅಪ್ಪ ಅಮ್ಮ ವಯಸ್ಸಾದ ಮೇಲೆ ಜಮೀನನ್ನು ಮಗನಿಗೆ ಬರೆದುಕೊಟ್ಟು ಅದೇ ಅಂಗಳದ ಒಂದು ಚಿಕ್ಕ ಮನೆಗೆ ಹೋಗುತ್ತಿದ್ದರು. ವರ್ಷಕ್ಕೆ ಇಷ್ಟು ಧಾನ್ಯ, ಇಷ್ಟು ಹಾಲು, ಇಷ್ಟು ಸೌದೆ ಕೊಡಬೇಕು ಅಂತ ಮಗನ ಜೊತೆ ಪತ್ರ ಮಾಡಿಕೊಳ್ಳುತ್ತಿದ್ದರು. ಮುದುಕರ ಹಕ್ಕು ಕಾಗದದ ಮೇಲೆ ಇರುತ್ತಿತ್ತು. ಎಷ್ಟು ನೇರವಾದ ವ್ಯವಸ್ಥೆ ಅಲ್ವಾ?

ಇಷ್ಟೆಲ್ಲ ಹೇಳಿದ ಮೇಲೆ ‘ಕಾಲ ನಿಂತಿದೆ’ ಅನ್ನೋ ಮಾತಿಗೆ ಬರುತ್ತೇನೆ. ಈ ಊರು ಒಂದು ಸಲ ಬಹುತೇಕ ಪೂರ್ತಿ ಖಾಲಿಯಾಗಿದೆ. ಇನ್ನೊಂದು ಸಲ ಹೆಚ್ಚುಕಡಿಮೆ ಖಾಲಿಯಾಗಿದೆ. ಎರಡು ಸಲವೂ ಬೇರೆ ಜನ ಬಂದು ತುಂಬಿಸಿದ್ದಾರೆ. ನಿಮ್ಮ ಲೇಖನದಲ್ಲಿ ಇದರ ಒಂದು ಪದವೂ ಇರಲಿಲ್ಲ.

ದಾಖಲೆಗಳಲ್ಲಿ ಹೊಲಾಶೊವಿಟ್ಸೆಯ ಹೆಸರು ಮೊದಲು ಕಾಣುವುದು 1263ರಲ್ಲಿ. 1292ರಲ್ಲಿ ರಾಜ ಎರಡನೇ ವಾಟ್ಸ್ಲಾವ್ ಈ ಊರನ್ನು ವಿಶ್ಶಿ ಬ್ರೋದ್‌ನ ಸಿಸ್ಟರ್ಶಿಯನ್ ಸನ್ಯಾಸಿಗಳ ಮಠಕ್ಕೆ ದಾನ ಕೊಟ್ಟ. ಆಮೇಲೆ 1848ರವರೆಗೂ, ಅಂದರೆ ಐನೂರೈವತ್ತು ವರ್ಷಕ್ಕೂ ಜಾಸ್ತಿ, ಊರು ಮಠದ ಕೈಯಲ್ಲೇ ಇತ್ತು. ರೈತರು ಮಠಕ್ಕೆ ಗೇಣಿ ಕೊಡಬೇಕು, ಬಿಟ್ಟಿ ಚಾಕರಿ ಮಾಡಬೇಕು. ಒಬ್ಬನೇ ಒಡೆಯ ಇಷ್ಟು ಕಾಲ ಇದ್ದಿದ್ದರಿಂದ ಊರಿನ ನಕ್ಷೆ ಅಷ್ಟಾಗಿ ಕೆಡಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಇವತ್ತು ನೋಡುವ ಬಯಲು, ಮನೆಗಳ ಸಾಲು, ಹಿಂದಿನ ಉದ್ದನೆಯ ತುಂಡುಗಳು ಆ ಮಧ್ಯಯುಗದ ಅಳತೆಯವೇ.

ಆದರೆ ಜನ ಅವರಲ್ಲ. 1520ರಿಂದ 1525ರ ನಡುವೆ ಪ್ಲೇಗ್ ಬಂತು. ಊರಿನಲ್ಲಿ ಉಳಿದಿದ್ದು ಇಬ್ಬರೇ ಅಂತ ಊರಿನ ಚರಿತ್ರೆ ಹೇಳುತ್ತದೆ. ಇಬ್ಬರು! ಸತ್ತವರನ್ನು ಹೂಳಿದ ಜಾಗದಲ್ಲಿ ಆಮೇಲೆ ನಿಲ್ಲಿಸಿದ ಕಂಬ ಈಗಲೂ ಇದೆ. ಪ್ರವಾಸಿಗಳು ಅದರ ಪಕ್ಕದಲ್ಲೇ ಹೋಗುತ್ತಾರೆ, ನಿಂತು ನೋಡುವವರು ಕಡಿಮೆ.

ಉಳುವವರಿಲ್ಲದ ಊರಿನಿಂದ ಮಠಕ್ಕೆ ಏನು ಬರುತ್ತದೆ? ಏನೂ ಇಲ್ಲ. ಹಾಗಾಗಿ ಸನ್ಯಾಸಿಗಳು ಬವೇರಿಯಾ, ಆಸ್ಟ್ರಿಯಾ ಕಡೆಯಿಂದ ಒಕ್ಕಲುಗಳನ್ನು ಕರೆದು ತಂದು ಕೂರಿಸಿದರು. 1530ರ ಹೊತ್ತಿಗೆ ಊರಿನ ಜನಸಂಖ್ಯೆ ಹದಿನೇಳಕ್ಕೆ ಬಂದಿತ್ತು. ಹೊಸದಾಗಿ ಬಂದವರ ಮಾತು ಜರ್ಮನ್. ಊರಿನ ಹೆಸರೂ ಅವರ ಬಾಯಲ್ಲಿ ಹೊಲ್‌ಶೊವಿಟ್ಸ್ ಆಯಿತು. ಅಲ್ಲಿಂದ ನಾನೂರು ವರ್ಷ ಇದು ಜರ್ಮನ್ ಮಾತಾಡುವ ಹಳ್ಳಿ, ಸುತ್ತಮುತ್ತ ಚೆಕ್ ಮಾತಾಡುವ ಹಳ್ಳಿಗಳು. 1895ರ ಲೆಕ್ಕದಲ್ಲಿ ಜರ್ಮನ್ ಮೂಲದವರು 157, ಚೆಕ್ಕರು 19. ಈ ಎರಡು ಅಂಕಿಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಯಾಕೆಂದರೆ ನೀವು ಫೋಟೊದಲ್ಲಿ ಅಚ್ಚು ಹಾಕಿದ ಆ ‘ಅಪ್ಪಟ ಚೆಕ್ ಹಳ್ಳಿ’ಯ ಮನೆಗಳನ್ನು ಕಟ್ಟಿಸಿದವರಲ್ಲಿ ಹೆಚ್ಚಿನವರು ಈ 157 ಜನರ ಅಪ್ಪಂದಿರು, ತಾತಂದಿರು.

ಅವರು ಅಷ್ಟು ಅಲಂಕಾರ ಯಾಕೆ ಮಾಡಿಸಿದರು ಅನ್ನೋದು ನನಗೆ ತುಂಬ ಹಿಡಿಸಿದ ಕಥೆ. ಬರೋಕ್ ಅನ್ನೋದು ಮೊದಲಿಗೆ ಅರಮನೆ, ಮಠ, ಚರ್ಚುಗಳ ಶೈಲಿ. ಹದಿನೆಂಟನೇ ಶತಮಾನದ ಕೊನೆಗೆ ದೊಡ್ಡವರು ಅದನ್ನು ಬಿಟ್ಟು ಬೇರೆ ಶೈಲಿಗೆ ಹೋಗಿದ್ದರು. ಆ ಹೊತ್ತಿಗೆ ಹಳ್ಳಿಗಳಲ್ಲಿ ಮರದ ಮನೆ ಹೋಗಿ ಇಟ್ಟಿಗೆ, ಗಾರೆಯ ಮನೆ ಬರುತ್ತಿತ್ತು. ಬೆಂಕಿಯ ಭಯಕ್ಕೆ ಸರ್ಕಾರವೂ ಅದನ್ನೇ ಒತ್ತಾಯಿಸುತ್ತಿತ್ತು. ಊರೂರು ತಿರುಗುವ ಗಾರೆ ಕೆಲಸದವರು ಪಟ್ಟಣದ ಚರ್ಚುಗಳಲ್ಲಿ, ಮಠಗಳಲ್ಲಿ ಕಂಡ ಬಾಗು, ಸುರುಳಿಗಳನ್ನು ತಮ್ಮ ಕೈಗೆ ಬಂದ ಹಾಗೆ ರೈತರ ಮನೆಗಳ ಮೇಲೆ ಮಾಡಿಕೊಟ್ಟರು. ಪುಸ್ತಕ ನೋಡಿ ಮಾಡಿದ ಕೆಲಸ ಅಲ್ಲ ಅದು. ಅಳತೆ ಅಲ್ಲಲ್ಲಿ ತಪ್ಪಿದೆ, ಹೂವು ದಪ್ಪವಾಗಿದೆ, ಅದರಿಂದಲೇ ಅದಕ್ಕೊಂದು ಜೀವ ಬಂದಿದೆ.

ಆಮೇಲೆ 1848 ಬಂತು. ಆಸ್ಟ್ರಿಯಾ ಸಾಮ್ರಾಜ್ಯದಲ್ಲೆಲ್ಲ ದಂಗೆ. ವಿಯೆನ್ನಾದ ಸಂಸತ್ತಿನಲ್ಲಿ ಹಾನ್ಸ್ ಕುಡ್ಲಿಕ್ ಅನ್ನೋ ರೈತನ ಮಗ, ಸಭೆಯಲ್ಲೇ ಅತಿ ಚಿಕ್ಕ ವಯಸ್ಸಿನ ಸದಸ್ಯ, ರೈತರ ಬಿಟ್ಟಿ ಚಾಕರಿ ರದ್ದಾಗಬೇಕು ಅಂತ ಮಸೂದೆ ತಂದ. ಆ ವರ್ಷ ಸೆಪ್ಟೆಂಬರ್ 7ರಂದು ಅದು ಕಾನೂನಾಯಿತು. ರದ್ದಾದ ಗೇಣಿ, ಚಾಕರಿಗಳಿಗೆ ಕಟ್ಟಿದ ಬೆಲೆಯಲ್ಲಿ ಮೂರನೇ ಒಂದು ಭಾಗವನ್ನು ರೈತ ಕಟ್ಟಬೇಕು, ಮೂರನೇ ಒಂದನ್ನು ಸರ್ಕಾರ ಕೊಡುತ್ತದೆ, ಉಳಿದ ಭಾಗವನ್ನು ಒಡೆಯ ಬಿಟ್ಟುಕೊಡಬೇಕು. ಹೊಲಾಶೊವಿಟ್ಸೆಯ ಮೇಲಿನ ಮಠದ ಒಡೆತನ ಹೀಗೆ ಮುಗಿಯಿತು. ತಲೆಮಾರುಗಳ ಕಾಲ ಬೇರೆಯವರ ಹೊಲದಲ್ಲಿ ದುಡಿದ ಮನೆತನ ಮೊದಲ ಸಲ ತನ್ನದೇ ಜಮೀನಿನ ಮೇಲೆ ನಿಂತಾಗ ಕೈಗೆ ಬಂದ ಹಣವನ್ನು ಎಲ್ಲಿ ಹಾಕಿತು ಅಂದರೆ ಮನೆಯ ಮುಂಗೋಡೆಗೆ ಹಾಕಿತು. ಹೆಸರಿನ ಅಕ್ಷರ ಬರೆಸಿತು, ವರ್ಷ ಬರೆಸಿತು. ಆ ಗೋಡೆಗಳ ಮೇಲಿನ ವರ್ಷಗಳನ್ನು ಓದುತ್ತಾ ಬಯಲು ಸುತ್ತಿ ಬನ್ನಿ, ಹತ್ತೊಂಬತ್ತನೇ ಶತಮಾನದ ನಡುವಿನವು ಮತ್ತೆ ಮತ್ತೆ ಸಿಗುತ್ತವೆ. ನನಗೆ ಅವು ಅಲಂಕಾರ ಅನ್ನಿಸುವುದಿಲ್ಲ. ಇನ್ನು ಮೇಲೆ ಇದು ನಮ್ಮದು ಅಂತ ಊರಿಗೆಲ್ಲ ಕಾಣುವ ಹಾಗೆ ಬರೆಸಿದ ದಾಖಲೆ ಅನ್ನಿಸುತ್ತದೆ. ಇಂಥ ಊರಿಗೆ ಕಾಲ ನಿಂತಿದೆ ಅಂದರೆ ಹೇಗೆ? ಆ ಗೋಡೆಗಳು ಬಂದಿದ್ದೇ ಕಾಲ ಜೋರಾಗಿ ಓಡಿದ ದಿನಗಳಲ್ಲಿ.

ಬಯಲಿನ ನಡುವಿನ ಮಂದಿರದ ಬಗ್ಗೆಯೂ ಒಂದು ಮಾತು. ಅದು 1755ರದ್ದು, ಸಂತ ಯಾನ್ ನೆಪೊಮುಕ್‌ನ ಹೆಸರಿನದು. ಈ ಪಾದ್ರಿಯನ್ನು 1393ರಲ್ಲಿ ರಾಜ ನಾಲ್ಕನೇ ವಾಟ್ಸ್ಲಾವ್‌ನ ಕಡೆಯವರು ಹಿಂಸೆ ಕೊಟ್ಟು ಪ್ರಾಗ್‌ನ ಸೇತುವೆಯಿಂದ ನದಿಗೆ ಎಸೆದರು. ರೋಮ್ ಅವನನ್ನು ಸಂತ ಅಂತ ಘೋಷಿಸಿದ್ದು 1729ರಲ್ಲಿ. ಅದಾಗಿ ಇಪ್ಪತ್ತಾರೇ ವರ್ಷಕ್ಕೆ ಈ ಪುಟ್ಟ ಹಳ್ಳಿಯಲ್ಲಿ ಅವನಿಗೆ ಮಂದಿರ ಎದ್ದಿತು. ಪ್ರಾಗ್‌ನ ಚಾರ್ಲ್ಸ್ ಸೇತುವೆಯ ಮೇಲೆ ತಲೆಯ ಸುತ್ತ ಐದು ನಕ್ಷತ್ರ ಇರುವ ಮೂರ್ತಿ ಇದೆಯಲ್ಲ, ಕೆಳಗಿನ ಕಂಚಿನ ಫಲಕವನ್ನು ಜನ ಮುಟ್ಟಿ ಮುಟ್ಟಿ ಹೊಳೆಯುವಂತೆ ಮಾಡಿದ್ದಾರಲ್ಲ, ಅವನೇ ಇವನು. ನಿಮ್ಮ ಲೇಖನದ ಪ್ರಾಗ್ ಭಾಗದಲ್ಲಿ ಆ ಮೂರ್ತಿ ಬಂದಿದೆ. ಹಳ್ಳಿಯ ಭಾಗದಲ್ಲಿ ಅದೇ ಸಂತನ ಹೆಸರು ಬಂದಿಲ್ಲ.

ಇನ್ನು ಹೇಳಲು ಕಷ್ಟವಾದ ಭಾಗ. 1938ರಲ್ಲಿ ಮ್ಯೂನಿಕ್ ಒಪ್ಪಂದ ಆಗಿ ಚೆಕೊಸ್ಲೊವಾಕಿಯಾದ ಗಡಿಯ ಜರ್ಮನ್ ಪ್ರದೇಶಗಳು ಹಿಟ್ಲರ್ ಕೈಗೆ ಹೋದವು. ಮರುವರ್ಷ ಉಳಿದ ಚೆಕ್ ನಾಡನ್ನೂ ಅವನ ಸೇನೆ ಹಿಡಿಯಿತು. ಆ ಆರು ವರ್ಷಗಳಲ್ಲಿ ಚೆಕ್ಕರು ಏನು ಅನುಭವಿಸಿದರು ಅನ್ನೋದಕ್ಕೆ ಇನ್ನೊಂದು ಹಳ್ಳಿಯ ಹೆಸರು ಸಾಕು: ಲಿಡಿಟ್ಸೆ. 1942ರ ಜೂನ್ 10ರಂದು ಅಲ್ಲಿ 173 ಗಂಡಸರನ್ನು ಸಾಲಾಗಿ ನಿಲ್ಲಿಸಿ ಗುಂಡಿಟ್ಟು ಕೊಂದರು, ಹೆಂಗಸರನ್ನು ಸೆರೆ ಶಿಬಿರಕ್ಕೆ ಕಳಿಸಿದರು, ಹೆಚ್ಚಿನ ಮಕ್ಕಳನ್ನು ಕೊಂದರು, ಊರನ್ನು ನೆಲಸಮ ಮಾಡಿದರು. ಯುದ್ಧ ಮುಗಿದ ಮೇಲೆ ಚೆಕ್ಕರಿಗೆ ಜರ್ಮನ್ನರ ಜೊತೆ ಇರುವುದೇ ಬೇಡವಾಗಿತ್ತು. 1945, 46ರಲ್ಲಿ ದೇಶದಿಂದ ಸುಮಾರು ಮೂವತ್ತು ಲಕ್ಷ ಜರ್ಮನ್ನರನ್ನು ಹೊರಗೆ ಹಾಕಿದರು. ಸಂಘಟಿತವಾಗಿ ರೈಲಿನಲ್ಲಿ ಕಳಿಸಿದಾಗಲೂ ತಲೆಗೆ 30ರಿಂದ 50 ಕಿಲೊ ಸಾಮಾನು, ಅಷ್ಟೇ. ಮನೆ, ಹೊಲ, ದನ ಎಲ್ಲ ಸರ್ಕಾರಕ್ಕೆ. ಹಿಟ್ಲರನಿಗೆ ಜೈ ಅಂದವರೂ ಹೋದರು, ಎಂದೂ ಅನ್ನದವರೂ ಹೋದರು, ಮುದುಕರು, ಮಕ್ಕಳು ಕೂಡ.

ಹೊಲಾಶೊವಿಟ್ಸೆಯ ಜರ್ಮನ್ ಮನೆತನಗಳೂ ಹಾಗೇ ಹೋದವು. ನಾನೂರು ವರ್ಷದ ಬೇರು ಕಿತ್ತುಬಂತು. ಒಳನಾಡಿನಿಂದ ಕೆಲವು ಚೆಕ್ ಕುಟುಂಬಗಳು ಬಂದವು, ಆದರೆ ಊರು ತುಂಬಲು ಸಾಲಲಿಲ್ಲ. 1948ರಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದ ಮೇಲೆ ದೇಶದ ಉದ್ದಗಲಕ್ಕೂ ಹೊಲಗಳನ್ನು ಒಟ್ಟುಮಾಡಿ ಸಹಕಾರಿ ಬೇಸಾಯಕ್ಕೆ ಸೇರಿಸಿದರು. ಆಸ್ಟ್ರಿಯಾದ ಗಡಿಯಲ್ಲಿ ಮುಳ್ಳುತಂತಿ ಎದ್ದಿತು. ಗಡಿಗೆ ಹತ್ತಿರದ ಇಂಥ ಮೂಲೆಗಳಲ್ಲಿ ಹಣ ಹಾಕುವವರು ಯಾರು? ಹಲವು ಮನೆಗಳು ಬೀಗ ಹಾಕಿದ ಹಾಗೇ ಉಳಿದವು, ಮಾಡು ಸೋರಿತು, ಗಾರೆ ಉದುರಿತು.

ಇಲ್ಲೇ ಒಂದು ವಿಚಿತ್ರ ಆಗಿದ್ದು. 1960, 70ರ ದಶಕಗಳಲ್ಲಿ ಕೈಯಲ್ಲಿ ನಾಲ್ಕು ಕಾಸು ಇದ್ದ ಚೆಕ್ ಹಳ್ಳಿಗಳಲ್ಲಿ ಜನ ಹಳೆಯ ಮುಂಗೋಡೆಯ ಹೂವು, ಬಳ್ಳಿ ಕೆತ್ತಿ ತೆಗೆದು ಮೇಲೆ ಬೂದು ಬಣ್ಣದ ಒರಟು ಗಾರೆ ಬಳಿದರು. ಎರಡು ಚಿಕ್ಕ ಕಿಟಕಿ ಕಿತ್ತು ಒಂದು ಅಗಲದ ಕಿಟಕಿ ಇಟ್ಟರು. ದೇಶದಲ್ಲಿ ಎಲ್ಲೇ ಹೋದರೂ ಆ ಬೂದು ಮನೆಗಳು ಕಾಣುತ್ತವೆ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ, ಬೆಚ್ಚಗಿನ ಮನೆ, ಒಳಗೆ ಬೆಳಕು ಯಾರಿಗೆ ಬೇಡ. ಹೊಲಾಶೊವಿಟ್ಸೆಯಲ್ಲಿ ಅಂಥದ್ದನ್ನು ಮಾಡಿಸುವ ಜನವೂ ಇರಲಿಲ್ಲ, ಹಣವೂ ಇರಲಿಲ್ಲ. ಆದ್ದರಿಂದ ಹೂವು, ಬಳ್ಳಿ, ವರ್ಷ ಎಲ್ಲ ಗೋಡೆಯ ಮೇಲೆ ಉಳಿದವು. ಇವತ್ತು ಪ್ರಪಂಚ ಬಂದು ಫೋಟೊ ತೆಗೆಯುವ ಚಂದ ಉಳಿದಿದ್ದಕ್ಕೆ ಒಂದು ದೊಡ್ಡ ಕಾರಣ ಆ ಮನೆಗಳನ್ನು ಕಟ್ಟಿದವರನ್ನು ಓಡಿಸಿದ್ದು. ಇದನ್ನು ಬರೆಯುವಾಗ ನನಗೆ ಹಿತ ಅನ್ನಿಸುವುದಿಲ್ಲ. ಆದರೆ ಇದನ್ನು ಬಿಟ್ಟು ಆ ಊರಿನ ಬಗ್ಗೆ ಬರೆದರೆ ಅರ್ಧ ಮಾತ್ರ ಬರೆದ ಹಾಗೆ.

1989ರಲ್ಲಿ ಕಮ್ಯುನಿಸ್ಟ್ ಸರ್ಕಾರ ಬಿತ್ತು. 1990ರಿಂದ ಮನೆಗಳ ದುರಸ್ತಿ ಶುರುವಾಯಿತು, ಜನ ಮತ್ತೆ ಬಂದು ಸೇರಿದರು. 1995ರಲ್ಲಿ ಚೆಕ್ ಸರ್ಕಾರ ಊರನ್ನು ಸಂರಕ್ಷಿತ ಗ್ರಾಮ ಅಂತ ಸಾರಿತು. 1998ರಲ್ಲಿ ಜಪಾನಿನ ಕ್ಯೋಟೊದಲ್ಲಿ ಸೇರಿದ ಯುನೆಸ್ಕೊ ಸಮಿತಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸಮಿತಿ ಕೊಟ್ಟ ಕಾರಣಗಳಲ್ಲಿ ಮೊದಲನೆಯದು ಏನು ಗೊತ್ತಾ? ಎರಡು ಜನಪದ ಕಟ್ಟಡ ಪರಂಪರೆಗಳು ಕೂಡಿ ಇಲ್ಲಿ ಒಂದು ವಿಶೇಷ ಶೈಲಿ ಹುಟ್ಟಿದೆ ಅನ್ನೋದು. ಎರಡನೆಯದು, ಮಧ್ಯ ಯುರೋಪಿನ ಹಳ್ಳಿ ಹೇಗಿತ್ತು ಅನ್ನೋದಕ್ಕೆ ಇಷ್ಟು ಪೂರ್ತಿಯಾಗಿ ಉಳಿದ ಉದಾಹರಣೆ ಅಪರೂಪ ಅನ್ನೋದು. ಅಂದರೆ ಯುನೆಸ್ಕೊ ಕೂಡ ಈ ಊರಿಗೆ ಬೆಲೆ ಕೊಟ್ಟಿದ್ದು ಅದು ಒಂದೇ ಕಡೆಯವರದ್ದು ಅಂತ ಅಲ್ಲ, ಎರಡು ಕಡೆಯವರದ್ದು ಸೇರಿದೆ ಅಂತ.

ಈಗ ಅಲ್ಲಿ 140 ಜನರ ಆಸುಪಾಸು ಇದ್ದಾರೆ. ಇದನ್ನು ವಿಶೇಷವಾಗಿ ಹೇಳಬೇಕು. ಹೊಲಾಶೊವಿಟ್ಸೆ ವಸ್ತುಸಂಗ್ರಹಾಲಯ ಅಲ್ಲ, ಟಿಕೆಟ್ ಕೊಟ್ಟು ಒಳಗೆ ಹೋಗುವ ಜಾಗ ಅಲ್ಲ. ಹಳೆಯ ರೈತರ ಬದುಕನ್ನು ತೋರಿಸುವ ಒಂದು ಮನೆ ಇದೆ, ಅದಕ್ಕೆ ಟಿಕೆಟ್ ಇದೆ, ಅಷ್ಟೇ. ಉಳಿದ ಕಮಾನಿನ ಬಾಗಿಲುಗಳ ಹಿಂದೆ ಜನರ ಅಂಗಳ, ಅವರ ಕಾರು, ಅವರ ಬಟ್ಟೆ ಒಣಗಿಸುವ ತಂತಿ. ಕಿಟಕಿ ಬದಲಿಸಬೇಕಾದರೂ, ಗೋಡೆಗೆ ಬಣ್ಣ ಬಳಿಯಬೇಕಾದರೂ ಅವರು ಸ್ಮಾರಕ ಇಲಾಖೆಯ ಒಪ್ಪಿಗೆ ಕೇಳಬೇಕು. ಖರ್ಚೂ ಜಾಸ್ತಿ, ಕಾಯುವುದೂ ಜಾಸ್ತಿ. ಊರನ್ನು ಇವತ್ತು ಉಳಿಸುತ್ತಿರುವವರು ಅವರೇ, ಅವರ ಬಗ್ಗೆಯೂ ನಾಲ್ಕು ಸಾಲಿನಲ್ಲಿ ಒಂದು ಸಾಲು ಸಿಗಬೇಕಿತ್ತು.

ನಮ್ಮ ಹಂಪಿ ಅದೇ ಪಟ್ಟಿಗೆ 1986ರಲ್ಲೇ ಸೇರಿದೆ. 2011ರಲ್ಲಿ ವಿರೂಪಾಕ್ಷ ಬಜಾರಿನ ಸಾಲು ಮಂಟಪಗಳಲ್ಲಿ ಇದ್ದ ಮನೆ, ಅಂಗಡಿಗಳನ್ನು ತೆರವು ಮಾಡಿಸಿದ್ದು ನಿಮ್ಮ ಓದುಗರಿಗೆ ನೆನಪಿರುತ್ತದೆ. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಹಂಪಿಯ ಮಂಟಪಗಳು ರಾಜರ ಕಾಲದ ಸ್ಮಾರಕ, ಇಲ್ಲಿ ರೈತರ ಮನೆಗಳೇ ಸ್ಮಾರಕ. ಆದರೆ ಜನ ಬದುಕುವ ಪರಂಪರೆಯ ಊರಿನಲ್ಲಿ ಜನರನ್ನು ಹೇಗೆ ಇಟ್ಟುಕೊಳ್ಳುವುದು ಅನ್ನೋ ಪ್ರಶ್ನೆ ನಮಗೂ ಇದೆಯಲ್ಲ, ಅದಕ್ಕೇ ಹೊಲಾಶೊವಿಟ್ಸೆಯ ಬಗ್ಗೆ ಕನ್ನಡದಲ್ಲಿ ಸರಿಯಾಗಿ ಬರೆಯುವುದು ಮುಖ್ಯ ಅಂತ ನನಗೆ ಅನ್ನಿಸುತ್ತದೆ.

ಹೋಗಬೇಕು ಅನ್ನುವವರಿಗೆ ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಪ್ರಾಗ್‌ನಿಂದ ಚೆಸ್ಕೆ ಬುಡೆಯೊವಿಟ್ಸೆಗೆ ರೈಲಿನಲ್ಲಿ ಸುಮಾರು ಎರಡು ಗಂಟೆ, ಅಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಬಸ್ಸು ಕಡಿಮೆ, ಶನಿವಾರ ಭಾನುವಾರ ಇನ್ನೂ ಕಡಿಮೆ, ವಾಪಸ್ ಬಸ್ಸಿನ ಹೊತ್ತು ನೋಡಿಕೊಂಡೇ ಹೊರಡಿ. ಚೆಸ್ಕಿ ಕ್ರುಮ್ಲೋವ್ ಕೂಡ ಹತ್ತಿರವೇ. ಕಾರು ಇದ್ದರೆ ಒಂದೇ ದಿನದಲ್ಲಿ ಎರಡನ್ನೂ ನೋಡಬಹುದು, ಆದರೆ ಕ್ರುಮ್ಲೋವ್ ಮುಗಿಸಿ ಉಳಿದ ಅರ್ಧ ಗಂಟೆ ಹಳ್ಳಿಗೆ ಕೊಡಬೇಡಿ. ಜುಲೈ ಕೊನೆಯ ವಾರಾಂತ್ಯದಲ್ಲಿ ರೈತರ ಹಬ್ಬ ನಡೆಯುತ್ತದೆ. ಬಯಲಿನ ತುಂಬ ಕುಶಲಕರ್ಮಿಗಳ ಅಂಗಡಿ, ಮಡಿಕೆ, ಬುಟ್ಟಿ, ಕಮ್ಮಾರರ ಕೆಲಸ, ಹಾಡು, ಕುಣಿತ. ಜನಜಾತ್ರೆ ಇಷ್ಟ ಇರುವವರಿಗೆ ಅದು ಒಳ್ಳೆಯ ಹೊತ್ತು. ಮನೆಗಳನ್ನೇ ನೋಡಬೇಕು ಅನ್ನುವವರು ಮೇ ತಿಂಗಳ ವಾರದ ದಿನ ಹೋಗಿ. ಚಳಿಗಾಲದಲ್ಲಿ ಹೆಚ್ಚಿನವು ಮುಚ್ಚಿರುತ್ತವೆ.

ಊಟದ ಚಿಂತೆ ನಮ್ಮವರಲ್ಲಿ ತುಂಬ ಜನರಿಗೆ ಇರುತ್ತದೆ. ಈ ಕಡೆಯ ಕುಲಾಯ್ಡಾ ಅನ್ನೋ ಸಾರು ಕೇಳಿ. ಆಲೂಗೆಡ್ಡೆ, ಅಣಬೆ, ಹುಳಿ ಕೆನೆ, ಸಬ್ಬಸಿಗೆ ಸೊಪ್ಪು ಹಾಕಿ ಮಾಡುತ್ತಾರೆ, ಮೇಲೆ ಒಂದು ಮೊಟ್ಟೆ ಇರುತ್ತದೆ. ಸಬ್ಬಸಿಗೆಯ ಘಮ ಬಂದ ಕೂಡಲೇ ನಮ್ಮವರಿಗೆ ಸಮಾಧಾನವಾಗುತ್ತದೆ. ಮೊಟ್ಟೆ ಬೇಡ ಅಂದರೆ ಬಿಟ್ಟು ಕೊಡುತ್ತಾರೆ, ಮಾಂಸದ ನೀರು ಹಾಕಿದ್ದಾರಾ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ. ಪ್ಲಮ್ ಅಥವಾ ಸ್ಟ್ರಾಬೆರಿ ಹಣ್ಣು ಒಳಗಿಟ್ಟು ಬೇಯಿಸಿದ ಕಡುಬು ಕೂಡ ಸಿಗುತ್ತದೆ, ಅದನ್ನು ಇಲ್ಲಿಯವರು ಸಿಹಿ ತಿಂಡಿ ಅಂತ ಅಲ್ಲ, ಊಟವಾಗಿಯೇ ತಿನ್ನುತ್ತಾರೆ. ನಡೆಯಬಲ್ಲವರು ಕ್ಲೆಟ್ ಬೆಟ್ಟಕ್ಕೂ ಹೋಗಿ ಬನ್ನಿ. ತುದಿಯಲ್ಲಿ 1825ರಲ್ಲಿ ಕಟ್ಟಿದ ಕಲ್ಲಿನ ಗೋಪುರ ಇದೆ, ಚೆಕ್ ದೇಶದಲ್ಲಿ ನೋಟಕ್ಕೆಂದೇ ಕಟ್ಟಿದ ಕಲ್ಲಿನ ಗೋಪುರಗಳಲ್ಲಿ ಅದೇ ಹಳೆಯದು. ಮೋಡ ಇಲ್ಲದ ದಿನ ಅಲ್ಲಿಂದ ಆಲ್ಪ್ಸ್ ಸಾಲು ಕಾಣುತ್ತದೆ. ಪಕ್ಕದಲ್ಲೇ ಖಗೋಳ ವೀಕ್ಷಣಾಲಯ, ಅಲ್ಲಿಯವರು ನೂರಾರು ಕ್ಷುದ್ರಗ್ರಹಗಳನ್ನು ಗುರುತಿಸಿದ್ದಾರೆ.

ಸಂಪಾದಕರೇ, ನನ್ನ ಕೋರಿಕೆ ಎರಡು. ಕಲ್ಲಿನ ವೃತ್ತ 2008ರದ್ದು ಅಂತ ಮುಂದಿನ ವಾರ ಒಂದು ತಿದ್ದುಪಡಿ ಹಾಕಿ, ಇಲ್ಲದಿದ್ದರೆ ಅದೇ ತಪ್ಪು ಬೇರೆ ಕಡೆಗೂ ಹೋಗುತ್ತದೆ. ಇನ್ನೊಂದು, ಮುಂದೆ ಯಾವತ್ತಾದರೂ ಈ ಹಳ್ಳಿಯ ಬಗ್ಗೆ ಬರೆಸುವಾಗ ಪ್ಲೇಗ್ ಕಂಬದ ಫೋಟೊವನ್ನೂ ಹಾಕಿಸಿ, 1945ರಲ್ಲಿ ಹೋದವರ ಬಗ್ಗೆ ಕನಿಷ್ಠ ಒಂದು ಪ್ಯಾರಾ ಬರೆಸಿ. ಜಾಗ ಇಲ್ಲ ಅಂದರೆ ಪ್ರಾಗ್‌ನ ಹೋಟೆಲುಗಳ ಪಟ್ಟಿಯನ್ನು ಸ್ವಲ್ಪ ಕಡಿಮೆ ಮಾಡಬಹುದು.

ವಂದನೆಗಳೊಂದಿಗೆ,
ನಿಮ್ಮ ಪತ್ರಿಕೆಯ ಓದುಗ
ಬ್ರನೊ, ಚೆಕ್ ಗಣರಾಜ್ಯ